ದಿಂಬಿನ ಕೆಳಗಿನ ಕೆರಿಸ್

ರತ್ಮಿ: ಇನ್ನೊಂದು ಕಠಾರಿ ಈ ಮನೆಗೆ ಬಂದ್ರೆ ನಾನೇ ಹೊರಗೆ! ನಿಮ್ಮ ಕೆರಿಸ್‌ಗಳು ಬೀರುವಿನಲ್ಲಿ ರೇಷ್ಮೆ ಹೊದ್ದು ಮಲಗಿವೆ, ನನ್ನ ಬಟ್ಟೆಯೆಲ್ಲಾ ಅಕ್ಕಿ ಡಬ್ಬದ ಮೇಲೆ. ಅವಕ್ಕೆ ಬೆಳ್ಳಿ ಕವಚ, ಹರಳಿನ ಉಂಗುರ. ಹೆಂಡತಿ ಬೆರಳು ಬೋಳು!

ಸೋಲೊ ಪಟ್ಟಣದ ಮಾರ್ಸುದಿ ಬೆಳಗಿನ ಕಾಫಿ ಕೈಲಿ ಹಿಡಿದು ಸಿಕ್ಕಿಬಿದ್ದಿದ್ದ. ಹಳೇ ಕೆರಿಸ್ ಕಠಾರಿ ಅಂದರೆ ಪ್ರಾಣ ಬಿಡುವ ಆಸಾಮಿ. ಹೊಸದಾಗಿ ಬಂದದ್ದನ್ನು ದಿಂಬಿನ ಕೆಳಗಿಟ್ಟು ಮಲಗಬೇಕು. ಒಳ್ಳೇ ಕನಸು ಬಿದ್ದರೆ ಅದು ಮನೆಯದು, ಕೆಟ್ಟದ್ದು ಬಿದ್ದರೆ ವಾಪಸ್ಸು. ಕನಸಿಗೆ ಮುಂಚೆ ಒರೆಯಿಂದ ಎಳೆದೂ ನೋಡಬಾರದು ಅಂತ ಇವನದೊಂದು ಮಡಿ ಬೇರೆ. ನಿನ್ನೆ ತಂದದ್ದನ್ನೂ ಹಾಗೇ ದಿಂಬಿನ ಕೆಳಗಿಟ್ಟು ಮಲಗಿದ್ದ.

ಮಾರ್ಸುದಿ: ಕನಸು ಬಿತ್ತು ಕಣೇ! ಬಿಳೀ ಗಡ್ಡದ ಅಜ್ಜ, ಕೆರಿಸ್ ಒಳಗಿರೋ ಜೀವಾನೇ. ತಲೆ ಸವರಿ, "ಮಗನೇ, ಇಲ್ಲೇ ಇರ್ತೀನಿ" ಅಂದ.

ರತ್ಮಿ: ಎಲ್ಲಿರ್ತಾನಂತೆ? ಜಾಗ ಎಲ್ಲಿದೆ ಅಂತ ಹೇಳಿದ್ರಾ?

ಮಾರ್ಸುದಿ: ದೊಡ್ಡವರ ಹತ್ರ ಹಾಗೆಲ್ಲ ಮಾತಾಡ್ತಾರಾ?

ರತ್ಮಿ: ಅದಿರ್ಲಿ. ನೀವು ಉರುಳ್ಕೊಂಡು ಗೋಡೆ ಸೇರಿದ್ರಲ್ಲ, ಬೆಳಗಿನವರೆಗೂ ಆ ದಿಂಬಿನ ಮೇಲಿದ್ದದ್ದು ನನ್ನ ತಲೆ.

ಮಾರ್ಸುದಿಗೆ ಕಾಫಿ ನೆತ್ತಿಗೇರಿತು.

ಮಾರ್ಸುದಿ: ಹಾಗಾದ್ರೆ... ನಿಂಗೇನಾದ್ರೂ ಬಿತ್ತಾ?

ರತ್ಮಿ: ಬೀಳದೆ? ಅದೇ ಅಜ್ಜ. ಗಂಟುಮೂಟೆ ಕಟ್ಕೊಂಡು ನಿಂತಿದ್ದ. "ತಾಯೀ, ಇಲ್ಲಿ ಕಾಲು ಚಾಚೋಕೂ ಜಾಗ ಇಲ್ಲ, ನನ್ನ ವಾಪಸ್ ಕಳಿಸು" ಅಂತ ಗೊಳೋ ಅಂತ ಅತ್ತ.

ಮಾರ್ಸುದಿ: ಸುಳ್ಳಿ!

ರತ್ಮಿ: ಆಹಾ! ನಿಮ್ಮಜ್ಜ ನಿಜ, ನನ್ನಜ್ಜ ಸುಳ್ಳಾ?

ಅಷ್ಟರಲ್ಲಿ ಕೆರಿಸ್ ಮಾರುವ ಗಿಮಾನ್ ಏದುಸಿರು ಬಿಡುತ್ತಾ ಒಳಗೆ ನುಗ್ಗಿದ. ಕಂಕುಳಲ್ಲಿ ಬಟ್ಟೆ ಸುತ್ತಿದ ಗಂಟು.

ಗಿಮಾನ್: ತಪ್ಪಾಯ್ತು ಅಣ್ಣಾ! ಅಲಗನ್ನ ನಿಂಬೆರಸದಲ್ಲಿ ತೊಳೆದು ಒಣಗೋಕಿಟ್ಟವನು ಮರೆತೇಬಿಟ್ಟೆ. ಒರೆಯ ಅಳತೆಗೆ ಅಂತ ಬಡಗಿ ಮರದ ತುಂಡು ತೂರಿಸಿದ್ದ, ನಿಮಗೆ ಕೊಟ್ಟಿದ್ದು ಅದನ್ನೇ!

ಮಾರ್ಸುದಿ ಒರೆ ಎಳೆದ. ಒಳಗೆ ತೇಗದ ತುಂಡು. ಹಿಡಿಯ ಬುಡದಲ್ಲಿ ಹರಳಿನ ಉಂಗುರ ಮಾತ್ರ ಥಳಥಳ ಹೊಳೆಯಿತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗಿಮಾನ್: ಯಾಕಣ್ಣಾ, ಕನಸು ಬೀಳಲಿಲ್ವಾ?

ಮಾರ್ಸುದಿ (ಹೆಂಡತಿಗೆ, ಮೆಲ್ಲಗೆ): ಹಾಗಾದ್ರೆ ನಿನ್ನ ಕನಸಲ್ಲಿ ಅತ್ತನಲ್ಲ, ಅವನ್ಯಾರೇ?

ರತ್ಮಿ: ನಿಮ್ಮ ತಲೆ ಸವರಿದವನೇ ರೀ. ಆ ಬಡಗಿ ಇರಬೇಕು! ಮತ್ತೆ ಬಂದ್ರೆ ಬಿಡಬೇಡಿ, ಕೂರಿಸ್ಕೊಂಡು ನಂಗೊಂದು ಬೀರು ಮಾಡಿಸಿ!