ಭಾವನ ಚಿನ್ನದ ಬೇಟೆ

ಸುಮ್ಮನೆ ಕೂರಲಾರದ ಮನುಷ್ಯ ಮನೆಯಲ್ಲೊಬ್ಬನಿದ್ದರೆ ಇಂಥವು ನಡೀತಾನೇ ಇರ್ತವೆ. ನಮ್ಮಲ್ಲಿ ಆ ಮನುಷ್ಯ ಅಂದರೆ ಭಾವ. ಐವತ್ತರ ದಶಕದಲ್ಲಿ ನಾನು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದೆ. ಅಲ್ಲೇ ಜನ್ನಾಪುರದಲ್ಲಿ ಅಕ್ಕ-ಭಾವನ ಮನೆಯಲ್ಲೇ ಊಟ, ವಾಸ. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಸಾಮಾನೆಲ್ಲ ಗುಜರಿ ಅಂಗಡಿ ಸೇರಿತ್ತು. ಬೆಂಗಳೂರಿಗೆ ಮದುವೆಗೆ ಹೋದ ಭಾವ ಅಲ್ಲಿಂದ ಒಂದು ಕೋಲು ಹೊತ್ತು ತಂದರು. ಕೋಲಿನ ತುದಿಗೆ ತಟ್ಟೆ, ಹೆಗಲಿಗೆ ಬ್ಯಾಟರಿ ಪೆಟ್ಟಿಗೆ, ಕಿವಿಗೆ ಹೆಡ್‌ಫೋನು. ನೆಲದಲ್ಲಿ ಹೂತ ಬಾಂಬು ಹುಡುಕುವ ಯಂತ್ರ.

"ಬಾಂಬಿಗೆ ಕೂಗೋದು ಬಂಗಾರಕ್ಕೆ ಕೂಗಲ್ವಾ?" ಅಂದರು ಭಾವ.

"ಬಾಂಬೇ ಸಿಕ್ಕಿದ್ರೆ?" ಅಂದಳು ಅಕ್ಕ.

ಅಷ್ಟು ದೂರ ಭಾವ ಯೋಚಿಸಿರಲಿಲ್ಲ.

ಮೊದಲ ಪರೀಕ್ಷೆ

ಚಿನ್ನಕ್ಕೆ ಯಂತ್ರ ಹೇಗೆ ಕೂಗುತ್ತೆ ಅಂತ ಮೊದಲು ತಿಳೀಬೇಕಲ್ಲ? ಅಕ್ಕ ಸ್ನಾನಕ್ಕೆ ಹೋದಾಗ ಕಿಟಕಿಯಲ್ಲಿ ತೆಗೆದಿಟ್ಟಿದ್ದ ಅವಳ ಉಂಗುರವನ್ನು ಭಾವ ಹಿತ್ತಲಲ್ಲಿ ಹೂತರು. ಜಾಗ ತಮಗೇ ಗೊತ್ತಾದರೆ ಪರೀಕ್ಷೆ ಸುಳ್ಳಾಗುತ್ತೆ ಅಂತ ಕಣ್ಣು ಮುಚ್ಚಿಕೊಂಡೇ ಹೂತರು.

ಕೋಲು ಇಟ್ಟಲ್ಲೆಲ್ಲ ಕುಯ್ಯ್ ಅಂದಿತು. ಬಾವಿಕಟ್ಟೆಯಿಂದ ಬೇಲಿಯವರೆಗೂ ಒಂದೇ ರಾಗ. ಕಬ್ಬಿಣ ಕರಗಿಸಿ ಉಳಿದ ಕಿಟ್ಟ ತಂದು ಆ ಹಿತ್ತಲು ಸಮ ಮಾಡಿದ್ದು ಆಗ ನೆನಪಾಯಿತು.

ಅಕ್ಕ ಬಂದಳು. "ಏನ್ರೀ ಹುಡುಕ್ತಿದ್ದೀರಿ?"

"ಚಿನ್ನ ಕಣೇ."

"ನಮ್ಮ ಹಿತ್ತಲಿಗೆ ಚಿನ್ನ ಎಲ್ಲಿಂದ ಬರ್ಬೇಕು?"

ಭಾವ ನನ್ನ ಮುಖ ನೋಡಿದರು. ನಾನು ಗುದ್ದಲಿ ತಂದೆ. ಹಿತ್ತಲನ್ನೆಲ್ಲ ಅಗೆದು, ಮಣ್ಣು ಜರಡಿ ಹಿಡಿದು, ಸಂಜೆ ಹೊತ್ತಿಗೆ ಉಂಗುರ ಸಿಕ್ಕಿತು.

"ನೋಡು ಮಾರಾಯ್ತಿ, ಮೊದಲನೇ ದಿನವೇ ಚಿನ್ನ ಸಿಕ್ತು!" ಅಂದರು ಭಾವ. ಅಕ್ಕ ಆಮೇಲೆ ಸ್ನಾನಕ್ಕೂ ಉಂಗುರ ತೆಗೆಯಲಿಲ್ಲ.

ಹೊಳೆಯ ದಂಡೆ

"ಕಬ್ಬಿಣದ ಊರಲ್ಲಿ ಇದು ಆಗೋ ಮಾತಲ್ಲ" ಅಂತ ಭಾನುವಾರ ಬಸ್ಸು ಹತ್ತಿ ಶಿವಮೊಗ್ಗದ ತುಂಗಾ ದಂಡೆಗೆ ಹೋದೆವು. ಭಾವ ಹೆಡ್‌ಫೋನು ಹಾಕಿಕೊಂಡು ತಟ್ಟೆಯನ್ನು ಮರಳಿನ ಮೇಲೆ ಮೆಲ್ಲಗೆ ಆಡಿಸುತ್ತಿದ್ದರು. ಎತ್ತಿನ ಮೈ ತೊಳೆಯುತ್ತಿದ್ದ ಮುದುಕನೊಬ್ಬ ಬಂದು ನಿಂತ.

"ಡಾಕ್ಟ್ರೇ, ನೆಲಕ್ಕೆ ಏನಾಗಿದೆ?"

ಯಂತ್ರ ಕುಯ್ಯ್ ಅಂದಿತು. ಭಾವ ಮೊಣಕೈವರೆಗೂ ಅಗೆದರು. ತುಕ್ಕು ಹಿಡಿದ ಎತ್ತಿನ ಲಾಳ ಸಿಕ್ಕಿತು.

ಮುದುಕ ನಿಟ್ಟುಸಿರು ಬಿಟ್ಟ. "ಮುಳ್ಳು ತೆಗೆದಂಗಾಯ್ತು ಬಿಡಿ. ಇನ್ನು ಆರಾಮಾಗ್ತದೆ."

ಉಗ್ರಾಣದ ಹಂಡೆ

ಸುದ್ದಿ ಹಬ್ಬಿ, ಶಿವಮೊಗ್ಗದ ಸಾಹುಕಾರರೊಬ್ಬರು ಹೇಳಿ ಕಳಿಸಿದರು. ಅವರ ಅಜ್ಜ ಪ್ಲೇಗಿನ ಕಾಲದಲ್ಲಿ ಹಂಡೆ ತುಂಬ ಬಂಗಾರ ಹೂತಿಟ್ಟಿದ್ದರು ಅಂತ ಮನೆಯಲ್ಲಿ ಮಾತಿತ್ತಂತೆ. ಆ ಬಂಗಾರದ ಪಾಲಿಗಾಗಿ ಅವರೂ ಅವರ ತಮ್ಮನೂ ಮಾತು ಬಿಟ್ಟು ವರ್ಷಗಳಾಗಿದ್ದವು. ಬಂಗಾರ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಉಗ್ರಾಣದ ಮೂಲೆಯಲ್ಲಿ ಯಂತ್ರ ಕಿವಿ ಹರಿಯುವಂತೆ ಕೂಗಿತು. ತೆಂಗಿನಕಾಯಿ ಒಡೆದು ಅಗೆಯಲು ಶುರು ಮಾಡಿದರು. ಬೀದಿಯ ಜನವೆಲ್ಲ ಸೇರಿತು. ಪಕ್ಕದ ಮನೆಯ ಯಜಮಾನರು ಎಲ್ಲರಿಗಿಂತ ಮುಂದೆ ನಿಂತಿದ್ದರು. ತಾಮ್ರದ ಅಂಚು ಕಂಡದ್ದೇ ಅಣ್ಣತಮ್ಮಂದಿರಿಬ್ಬರೂ ಗುಂಡಿಗಿಳಿದು, ಹಂಡೆ ಎತ್ತಿ, ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು.

ಬಗ್ಗಿಸಿದರೆ ಬರೀ ಮಣ್ಣು.

"ಕಂಠದಲ್ಲಿ ಕೆತ್ತಿದ ಅಜ್ಜನ ಹೆಸರಾದ್ರೂ ಇದೆಯಲ್ಲ, ಅದೇ ಭಾಗ್ಯ" ಅಂತ ಸಾಹುಕಾರರು ಪಂಚೆಯ ಚುಂಗಿನಿಂದ ಒರೆಸಿ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು. ಅರ್ಧಕ್ಕೇ ನಿಲ್ಲಿಸಿದರು. ಅದು ಪಕ್ಕದ ಮನೆಯ ಅಜ್ಜನ ಹೆಸರು.

ಪಕ್ಕದ ಮನೆಯವರು ಮುಂದೆ ಬಂದು ಹಂಡೆ ಸವರಿದರು. "ನಮ್ಮಪ್ಪನ ಮದುವೇಲಿ ಕಳೆದದ್ದು ಇದು. ನಮ್ಮಜ್ಜಿ ಸಾಯೋವರೆಗೂ ಅಡಿಗೆಯವರಿಗೆ ಶಾಪ ಹಾಕ್ತಿದ್ರು."

ಸಾಹುಕಾರರು ಗುಂಡಿಯಿಂದ ಮೇಲಕ್ಕೆ ಬರಲೇ ಇಲ್ಲ. ಈಗ ಜಗಳವಾಗುತ್ತೆ ಅಂತ ನಾನು ಬ್ಯಾಟರಿ ಪೆಟ್ಟಿಗೆ ಎತ್ತಿಕೊಂಡೆ. ಪಕ್ಕದ ಮನೆಯವರು ಭಾವನ ಕಡೆ ತಿರುಗಿ, ಕೈ ಮುಗಿದು, ಬಹಳ ವಿನಯದಿಂದ ಹೇಳಿದರು:

"ಸ್ವಾಮಿ, ಇದಕ್ಕೊಂದು ಮುಚ್ಚಳನೂ ಇತ್ತು. ಹಾಗೇ ಇನ್ನೊಂದು ಸಲ ಕೋಲು ಆಡಿಸಿಬಿಡಿ."