ಅಕ್ಕನ ಸಂದರ್ಶನವೂ ನನ್ನ ಗಂಟಲೂ

ನನ್ನ ಹತ್ತಿರ ಸ್ವಂತದ್ದು ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಮೂಗು ಅಪ್ಪನದು, ಕಾಲಿನ ಚಪ್ಪಲಿ ಮಾರಮ್ಮನ ಗುಡಿಯ ಮುಂದೆ ಆವತ್ತು ಯಾರು ಬಿಟ್ಟಿದ್ದರೋ ಅವರದು, ಗಂಟಲಂತೂ ಇಡೀ ಊರಿನದು. ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಒಂದೇ ಉಸಿರಿಗೆ ‘ಬೆಸಗರಳ್ಳಿ ಬೆಸಗರಳ್ಳಿ’ ಎಂದು ಕೂಗುವುದನ್ನು ಅಣಕಿಸಿ, ಇಬ್ಬರು ಅಜ್ಜಿಯರನ್ನು ಇಲ್ಲದ ಬಸ್ಸಿನ ಕಡೆಗೆ ಓಡಿಸಿದವನು ನಾನು. ಹನಕೆರೆಯಲ್ಲಿ ರೈಲಿಗೆ ಕಾಯುವವರು ಬಿಡುವ ನಿಟ್ಟುಸಿರು, ಮುದ್ದೆ ಗಟ್ಟಿಯಾದಾಗ ಅಪ್ಪ ಎಳೆಯುವ ರಾಗ, ಕೆಮ್ಮುವ ಮುಂಚೆ ಶ್ಯಾನುಭೋಗರು ಕೆಮ್ಮಲೋ ಬೇಡವೋ ಎಂದು ಯೋಚಿಸುವ ಆ ಒಂದು ಕ್ಷಣ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಪಿಯುಸಿಯಲ್ಲಿ ಎರಡು ಸಲ ನಪಾಸಾದಾಗಲೂ ನಾನು ಅತ್ತವನಲ್ಲ. ನಪಾಸಾದ ಹುಡುಗ ಹೇಗೆ ಅಳುತ್ತಾನೆಂದು ಗೆಳೆಯರಿಗೆ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿಕೊಂಡಿದ್ದೆ. ಇಂಥ ಗಂಟಲು ಒಂದು ದಿನ ಮಂಡ್ಯದ ಒಂದು ಕಚೇರಿಯಲ್ಲಿ ನನಗೆ ಕೈಕೊಟ್ಟಿತು. ಅದನ್ನು ಮನೆಯವರು ಹೇಳುವುದಕ್ಕೆ ಮುಂಚೆ ನಾನೇ ಹೇಳಿಬಿಡುವುದು ವಾಸಿ.

ಎಲ್ಲ ಶುರುವಾಗಿದ್ದು ಒಂದು ಕುರ್ಚಿಯಿಂದ. ನಮ್ಮ ಜಗಲಿಯಲ್ಲಿ ಕೈಯಿರುವ ಬೀಟೆ ಕುರ್ಚಿ ಒಂದಿದೆ. ಅದರಲ್ಲಿ ಅಪ್ಪ ಕೂರುತ್ತಾನೆ, ಅಪ್ಪ ಗದ್ದೆಗೆ ಹೋದಾಗ ಬೆಕ್ಕು ಕೂರುತ್ತದೆ. ಒಮ್ಮೆ ಬ್ಲಾಕ್ ಆಫೀಸಿನಿಂದ ಗ್ರಾಮಸೇವಿಕೆಯೊಬ್ಬರು ಊರಿಗೆ ಬಂದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ. ಹೆಂಗಸರನ್ನು ಸೇರಿಸಿ ಹೊಗೆಯಿಲ್ಲದ ಒಲೆ ಹಾಕುವುದು ಹೇಗೆ, ಹಿತ್ತಿಲಲ್ಲಿ ಸೊಪ್ಪು ಬೆಳೆಯುವುದು ಹೇಗೆ ಎಂದು ಹೇಳುವುದು ಅವರ ಕೆಲಸ. ಅವರು ಜಗಲಿ ಹತ್ತಿದ್ದೇ ತಡ, ನಮ್ಮಪ್ಪ ಎದ್ದು ನಿಂತು, ಹೆಗಲ ಮೇಲಿನ ಟವೆಲ್ಲಿನಿಂದ ಕುರ್ಚಿ ಒರೆಸಿ, ‘ಕೂತ್ಕಳಿ ತಾಯಿ’ ಅಂದ. ಬಾಗಿಲ ಹಿಂದೆ ನಿಂತಿದ್ದ ನಮ್ಮ ಜಯಕ್ಕ ಅದನ್ನು ನೋಡಿದಳು. ಅವ್ವ ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಆ ಕುರ್ಚಿಯನ್ನು ಒರೆಸಿದ್ದಾಳೆಯೇ ಹೊರತು ಅದರಲ್ಲಿ ಕೂತಿಲ್ಲ. ಆವತ್ತು ಸಂಜೆ ಅಕ್ಕ ಹೇಳಿದಳು: ‘ನಾನೂ ಗ್ರಾಮಸೇವಿಕೆ ಆಯ್ತೀನಿ.’

ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು. ಅರ್ಜಿ ಹಾಕಿದಳು, ಸಂದರ್ಶನಕ್ಕೆ ಕರೆಯೂ ಬಂತು. ಆದರೆ ಹುಟ್ಟಿದಾಗಿನಿಂದ ಬಾಗಿಲ ಹಿಂದೆ ನಿಂತು ಮಾತು ಕೇಳಿದವಳಿಗೆ ನಾಲ್ಕು ಜನ ಗಂಡಸರ ಮುಂದೆ ನಿಂತು ಆಡುವುದೆಲ್ಲಿಂದ ಬರಬೇಕು? ಮೊದಲ ಸಲ ‘ನಿನ್ನ ಹೆಸರೇನಮ್ಮ?’ ಅಂದಿದ್ದಕ್ಕೆ ಅಪ್ಪನ ಹೆಸರು ಹೇಳಿ ಬಂದಳು. ಎರಡನೇ ಸಲ ತನ್ನ ಹೆಸರನ್ನೇ ಹೇಳಿದಳು, ಅಷ್ಟು ಪ್ರಗತಿ ಆಗಿತ್ತು. ಆದರೆ ಯಾರೋ ಒಬ್ಬರು ನಕ್ಕರು ಅಂತ ಅತ್ತುಬಿಟ್ಟಳು. ಎರಡು ಸಲವೂ ಮಾರನೆಯ ದಿನವೇ ಚಿಕ್ಕರಸಿನಕೆರೆಯಿಂದ ನಿಂಗಮಾವ ಬಂದ. ನಿಂಗಮಾವ ಅವ್ವನ ತಮ್ಮ. ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಹಕ್ಕುಂಟು ಎಂಬುದು ನಮ್ಮ ಕಡೆ ಪಹಣಿಯಲ್ಲಿ ಬರೆದಷ್ಟೇ ಗಟ್ಟಿ. ಒಳ್ಳೆಯ ಮನುಷ್ಯ, ಕುಡಿತವಿಲ್ಲ, ಜೂಜಿಲ್ಲ, ಅವಸರವೂ ಇಲ್ಲ. ಹೆಗಲ ಮೇಲೆ ಒಂದು ಬಾಳೆಗೊನೆ ಹೊತ್ತು ಬಂದು, ಅದನ್ನು ಜಗಲಿಗೆ ಒರಗಿಸಿ, ‘ಓಗ್ಲಿ ಬುಡವ್ವ, ಅಳಬ್ಯಾಡ. ಸರ್ಕಾರ ಬ್ಯಾಡ ಅಂದ್ರೆ ಏನಾಯ್ತು, ನಾನಿಲ್ವಾ?’ ಅನ್ನುವನು. ಸಮಾಧಾನದ ಮಾತಿಗೆ ಅಕ್ಕ ಅಷ್ಟು ಹೆದರಿದ್ದನ್ನು ನಾನು ನೋಡಿದ್ದು ಆಗಲೇ. ಸೋತಾಗೆಲ್ಲ ಮನೆಯಲ್ಲಿ ಒಳ್ಳೆಯ ಹಣ್ಣು ಸಿಗುತ್ತಿತ್ತು ಅನ್ನುವುದನ್ನೂ ನಾನು ಮುಚ್ಚಿಡುವುದಿಲ್ಲ.

ಮೂರನೇ ಸಲ ಕರೆ ಬಂದಾಗ ಅಪ್ಪ ಕುರ್ಚಿಯಿಂದ ತೀರ್ಪು ಕೊಟ್ಟ. ‘ಇದೊಂದ್ಸಲ ಓಗ್ಬಾ ಕಣವ್ವ. ಇದೂ ಆಗ್ನಿಲ್ಲ ಅಂದ್ರೆ ನಿಂಗನ್ಗೆ ಮಾತು ಕೊಟ್ಟು ಚಪ್ಪರ ಆಕುಸ್ಬುಡ್ತೀನಿ.’ ಸಂದರ್ಶನಕ್ಕೆ ಒಂದು ತಿಂಗಳಿತ್ತು. ಆ ರಾತ್ರಿ ಊಟಕ್ಕೆ ಕೂತಾಗ ನಾನು ಅಕ್ಕ ಅಳುವುದನ್ನೂ ಮಾವನ ‘ನಾನಿಲ್ವಾ’ವನ್ನೂ ಒಟ್ಟಿಗೆ ಮಾಡಿ ತೋರಿಸುತ್ತಿದ್ದೆ. ಸೌಟು ಬೀಳುತ್ತದೆಂದು ಬೆನ್ನು ಬಗ್ಗಿಸಿ ಕಾದರೆ ಬೀಳಲಿಲ್ಲ.

‘ಲೇ, ನಿಂಗೆ ಆ ಕಚೇರಿ ಸಾಯೇಬ್ನ ಅಣಕ್ಸಕ್ಕೆ ಬತ್ತದೇನ್ಲಾ?’ ಅಂದಳು ಅಕ್ಕ.

‘ನೋಡಿಲ್ಲ. ನೋಡ್ದಿದ್ರೇನಂತೆ, ಬತ್ತದೆ.’

‘ಅಂಗಾದ್ರೆ ನಾಳೆಯಿಂದ ದಿನಾ ಸಂಜೆ ಆ ಕುರ್ಚೀಲಿ ಕೂತು ನನ್ನ ಅಣಕ್ಸು. ಎಷ್ಟು ಕೆಟ್ದಾಗಿ ಆಯ್ತದೋ ಅಷ್ಟು ಕೆಟ್ದಾಗಿ.’

ಕೆಟ್ಟದಾಗಿ ಮಾಡು ಎಂದು ನನಗೆ ಬದುಕಿನಲ್ಲಿ ಯಾರೂ ಹೇಳಿರಲಿಲ್ಲ. ಎಲ್ಲರೂ ಬೇಡ ಅಂದಿದ್ದನ್ನು ಒಬ್ಬಳು ಬೇಕು ಅಂದಾಗ ಕಲಾವಿದನಿಗೆ ಆಗುವ ಸಂತೋಷವನ್ನು ನೀವು ಊಹಿಸಿಕೊಳ್ಳಬೇಕು. ಅಪ್ಪ ಗದ್ದೆಯಿಂದ ಬರುವ ಮುಂಚೆ ಬೆಕ್ಕನ್ನು ಓಡಿಸಿ ಕುರ್ಚಿಯಲ್ಲಿ ಕೂತೆ. ಅಜ್ಜಿಯ ಕನ್ನಡಕವನ್ನು ಹಣೆಗೇರಿಸಿದೆ. ‘ಏನಮ್ಮಾ, ಹೊಗೆಯಿಲ್ಲದ ಒಲೆ ಅಂತೀಯಲ್ಲ, ನಿಮ್ಮ ಮನೇಲಿ ಇದೆಯೇನು?’ ಅಂದೆ. ಅಕ್ಕ ತಲೆ ತಗ್ಗಿಸಿದಳು, ಯಾಕೆಂದರೆ ಇರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಅವ್ವನನ್ನು ಅಡುಗೆಮನೆಯಿಂದ ಆಚೆ ಕಳಿಸಿ, ಹಳೇ ಒಲೆ ಒಡೆದು, ಮಣ್ಣು ಕಲಸಿ, ಗೋಡೆಗೆ ಕೊಳವೆ ಹಾಕುತ್ತಿದ್ದಳು. ಮೂರು ದಿನ ನಮ್ಮ ಮನೆಯ ಹೊಗೆ ಆ ಕೊಳವೆಯೊಂದನ್ನು ಬಿಟ್ಟು ಮಿಕ್ಕೆಲ್ಲ ದಾರಿಯಿಂದ ಹೊರಗೆ ಹೋಯಿತು. ನಾಲ್ಕನೆಯ ದಿನ ಕೊಳವೆಯಿಂದಲೇ ಹೋಯಿತು.

ಆಮೇಲೆ ನನ್ನ ಕೈ ಕಾಲು ನಿಲ್ಲಲಿಲ್ಲ. ಒಂದು ಸಂಜೆ ಸಾಹೇಬನಾದರೆ ಇನ್ನೊಂದು ಸಂಜೆ ಎಲೆಅಡಿಕೆ ಜಗಿಯುವ ಪಟೇಲ, ಮತ್ತೊಂದು ಸಂಜೆ ‘ನಮ್ಮತ್ತೆ ಕಾಲ್ದಲ್ಲಿ ಇದೆಲ್ಲ ಇತ್ತಾ?’ ಅನ್ನುವ ಮುದುಕಿ. ಜಗಲಿಯ ಕೆಳಗೆ ಹೆಂಗಸರು ಸೇರತೊಡಗಿದರು. ಅಡುಗೆಮನೆಯಿಂದ ಅವ್ವನೂ ‘ಇನ್ನೊಸಿ ಜೋರಾಗಿ ಬಯ್ಲಾ, ಅವ್ಳ್ಗೆ ಕೇಳುಸ್ನಿಲ್ಲ’ ಎಂದು ನನಗೇ ಹೇಳಿಕೊಡಲು ನಿಂತಳು. ಅಕ್ಕ ಮೊದಮೊದಲು ಅತ್ತಳು. ಒಂದು ದಿನ ಪೊರಕೆ ಎಸೆದಳು. ಆಮೇಲೆ ಯಾವಾಗಲೋ, ಯಾವ ದಿನ ಎಂದು ನನಗೂ ಗೊತ್ತಾಗಲಿಲ್ಲ, ನಗಲು ಶುರುಮಾಡಿದಳು. ಅಣಕಿಸುವವನಿಗೆ ಪೊರಕೆಗಿಂತ ನಗು ಜಾಸ್ತಿ ಪೆಟ್ಟು. ಕೊನೆಗೆ ನಾನು ಮಾವನ ದನಿಯಲ್ಲಿ ‘ಓಗ್ಲಿ ಬುಡವ್ವ, ನಾನಿಲ್ವಾ?’ ಅಂದೆ. ‘ಇದ್ದೀಯಲ್ಲ ಮಾವ, ಇರು. ನಾ ಕೆಲ್ಸ ಮುಗಿಸ್ಕೊಂಡು ಬರಗಂಟ ಅಲ್ಲೇ ಇರು’ ಅಂದಳು. ಹೆಂಗಸರೆಲ್ಲ ಹೋ ಎಂದು ನಕ್ಕರು. ಮಾವ ನಿಜವಾಗಿ ಮನೆ ಮುಂದಿನ ಬೇವಿನ ಮರದ ಕೆಳಗೆ ನಿಂತಿದ್ದ ಎಂಬುದು ಆಮೇಲೆ ತಿಳಿಯಿತು. ಪಾಪ, ಆವತ್ತು ಬರಿಗೈಯಲ್ಲಿ ಬಂದಿದ್ದ.

ಸಂದರ್ಶನದ ದಿನ ಅಕ್ಕನ ಜೊತೆ ನಾನೂ ಮಂಡ್ಯಕ್ಕೆ ಹೋದೆ. ಅಕ್ಕ ಒಳಗೆ ಹೋದಳು, ನಾನು ಕಿಟಕಿಯ ಕೆಳಗೆ ಕೂತೆ. ಒಳಗೆ ಮೂವರಿದ್ದರೆಂದು ಆಮೇಲೆ ಕಂಡೆ: ಒಬ್ಬ ದೊಡ್ಡ ಸಾಹೇಬರು, ಬಾಯಿ ತೆರೆಯದ ಇನ್ನೊಬ್ಬರು, ಒಬ್ಬ ಹೆಂಗಸು ಅಧಿಕಾರಿ. ಹೆಸರು ಕೇಳಿದರು, ಹೇಳಿದಳು, ತನ್ನದೇ. ಸೊಪ್ಪು ಕೇಳಿದರು, ಹೇಳಿದಳು. ಆಮೇಲೆ ದೊಡ್ಡ ಸಾಹೇಬರು ರಾಗ ಎಳೆದರು: ‘ಹೆಣ್ಣುಮಗಳು ನೀನು, ಬಿಸಿಲಲ್ಲಿ ಊರೂರು ಸುತ್ತೋದಕ್ಕೆ ಆಗುತ್ತೇನಮ್ಮ? ನಾಳೆ ಮದುವೆ ಆಗುತ್ತೆ, ಗಂಡ ಬೇಡ ಅಂತಾನೆ, ನಾವು ಕೊಟ್ಟ ತರಬೇತಿ ಎಲ್ಲಾ ದಂಡ. ಅಲ್ವೇ?’

ಇನ್ನೇನು ಅತ್ತಳು ಅಂದುಕೊಂಡೆ. ಬಾಳೆಗೊನೆ ಕಣ್ಣ ಮುಂದೆ ಬಂತು.

‘ಸಾರ್, ಇದನ್ನ ನಮ್ಮ ತಮ್ಮ ಇನ್ನೂ ಚೆನ್ನಾಗಿ ಕೇಳ್ತಾನೆ’ ಅಂದಳು ಅಕ್ಕ.

‘ಯಾರಮ್ಮ ಅದು?’

‘ಕಿಟಕಿ ಕೆಳಗೆ ಕೂತವ್ನೆ ಸಾರ್.’

ಜವಾನ ಬಂದು ನನ್ನನ್ನು ಕರೆದುಕೊಂಡು ಹೋದ. ಸಾಹೇಬರ ಕನ್ನಡಕ ಹಣೆಯ ಮೇಲಿತ್ತು! ಒಂದು ತಿಂಗಳು ನಾನು ಕಾಣದೆಯೇ ಅಣಕಿಸಿದ್ದ ಮನುಷ್ಯ, ಅಜ್ಜಿಯ ಕನ್ನಡಕವೊಂದು ಬಿಟ್ಟರೆ ಹಾಗೆಯೇ, ನನ್ನೆದುರು ಕೂತಿದ್ದ. ‘ಏನಪ್ಪಾ, ನನಗಿಂತ ಚೆನ್ನಾಗಿ ಕೇಳ್ತೀಯಂತೆ. ಕೇಳು’ ಅಂದ. ಬಾಯಿ ತೆರೆದೆ. ಕಂಡಕ್ಟರು ಬರಲಿಲ್ಲ, ಪಟೇಲ ಬರಲಿಲ್ಲ, ಮುದುಕಿಯೂ ಬರಲಿಲ್ಲ. ಊರಿನವರೆಲ್ಲ ಒಟ್ಟಿಗೆ ಮನೆ ಖಾಲಿಮಾಡಿದ್ದರು. ಕೊನೆಗೆ ಒಂದು ಸಣ್ಣ ಕೀಚಲು ಕೆಮ್ಮು ಬಂತು. ಯಾರದ್ದು ಅಂತ ಗುರುತು ಹತ್ತಲಿಲ್ಲ. ನನ್ನದೇ ಇರಬೇಕು.

‘ಇವ್ನಿಗೆ ಹೊಸಬ್ರು ಕಂಡ್ರೆ ಭಯ ಸಾರ್. ನಾನೇ ಹೇಳ್ತೀನಿ ಬುಡಿ’ ಎಂದು ಅಕ್ಕ ಮುಂದೆ ಬಂದಳು. ‘ಬಿಸಿಲು ಅಂದ್ರಿ. ನಿಮ್ಮ ಮಂಡ್ಯದ ಗದ್ದೇಲೆಲ್ಲ ನಾಟಿ ಹಾಕೋರು ಯಾರು ಸಾರ್, ಗಂಡಸ್ರಾ? ಅಲ್ಲಿ ಸುಡ್ದೆ ಇರೋ ಬಿಸ್ಲು ಸರ್ಕಾರದ ಕೆಲ್ಸಕ್ಕೆ ಬಂದಾಗ ಮಾತ್ರ ಹೆಂಗಸ್ರನ್ನ ಸುಡ್ತದಾ? ಮದುವೆ ಅಂದ್ರಿ. ಪಕ್ಕದ ರೂಮಲ್ಲಿ ಹತ್ತು ಜನ ಹುಡುಗ್ರು ಗ್ರಾಮಸೇವಕರ ಸಂದರ್ಶನಕ್ಕೆ ಕೂತವ್ರೆ. ಅವ್ರಿಗೂ ಮದುವೆ ಆಯ್ತದೆ. ಹೆಂಡ್ತಿ ಬೇಡ ಅಂದ್ರೆ ಏನ್ಮಾಡ್ತೀಯಪ್ಪ ಅಂತ ಒಬ್ರನ್ನಾದ್ರೂ ಕೇಳಿದ್ರಾ?’

ಹೆಂಗಸು ಅಧಿಕಾರಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಮೇಜಿನ ಕಡೆ ಬಗ್ಗಿದರು. ಸಾಹೇಬರು ಕನ್ನಡಕ ಇಳಿಸಿ ಅಕ್ಕನನ್ನು ಮೊದಲ ಸಲ ಸರಿಯಾಗಿ ನೋಡಿದರು. ‘ಹೋಗ್ಬಾರಮ್ಮ’ ಅಂದರು. ನನಗೆ ಏನೂ ಹೇಳಲಿಲ್ಲ. ಹೇಳಲು ಅಲ್ಲಿ ನಾನು ಇರಲೇ ಇಲ್ಲ ಅನ್ನಿ.

ಆರ್ಡರು ಬಂದ ದಿನವೇ, ವಿಷಯ ತಿಳಿಯದೆ, ಮಾವ ಗೊನೆ ಹೊತ್ತು ಬಂದ. ಅಕ್ಕ ಅದನ್ನು ಇಸಕೊಂಡು ಬೀದಿಗೆಲ್ಲ ಹಂಚಿದಳು. ಮಾವನೂ ಒಂದು ಹಣ್ಣು ಸುಲಿದು ತಿಂದು, ‘ನಾನಿದ್ದೀನಿ ಅನ್ನೋ ಧೈರ್ಯದ ಮ್ಯಾಲೆ ಗೆದ್ಲು’ ಎಂದು ಊರಿಗೆಲ್ಲ ಹೇಳಿದ. ‘ನಾನು ಆವತ್ತೇ ಕುರ್ಚಿ ಒರುಸ್ನಿಲ್ವಾ’ ಅಂದ ಅಪ್ಪ. ನಾನೂ ಹೇಳಿಕೊಂಡು ತಿರುಗಿದೆ, ಇಲ್ಲ ಅನ್ನುವುದಿಲ್ಲ. ಒಲೆಯ ಮಣ್ಣು ಉಗುರಿನಿಂದ ಹೋಗಲು ಅಕ್ಕನಿಗೆ ಎಷ್ಟು ದಿನ ಹಿಡಿಯಿತೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ತರಬೇತಿ ಮುಗಿಸಿ ಅಕ್ಕ ಈಗ ಮಳವಳ್ಳಿ ಕಡೆ ಕೆಲಸದಲ್ಲಿದ್ದಾಳೆ. ಭಾನುವಾರ ಕೊಡೆ ಹಿಡಿದು ಬಂದರೆ ಅಪ್ಪ ಎದ್ದು ಕುರ್ಚಿ ಬಿಡುತ್ತಾನೆ. ಅಕ್ಕ ಅದರಲ್ಲಿ ಅವ್ವನನ್ನು ಕೂರಿಸುತ್ತಾಳೆ. ಅವ್ವ ತುದಿಯಲ್ಲಿ ಕೂತು, ಒಲೆ ನೆನಪಾಯಿತೆಂದು ಎದ್ದು ಹೋಗುತ್ತಾಳೆ. ಕಳೆದ ಭಾನುವಾರ ಹಾಗೆ ಖಾಲಿಯಾದ ಕುರ್ಚಿಯಲ್ಲಿ ಅಕ್ಕ ಕೂತಳು. ನನಗೆ ಗುಮಾಸ್ತೆ ಕೆಲಸಕ್ಕೊಂದು ಸಂದರ್ಶನ ಬಂದಿದೆ. ಮಂಡ್ಯದ್ದೇ. ಗಂಟಲಂತೂ ಆವತ್ತಿನಿಂದ ಹೊಸಬರನ್ನು ಕಂಡರೆ ಒಳಗೆ ಸರಿಯುತ್ತದೆ. ನಾಚಿಕೆ ಬಿಟ್ಟು ಕೇಳಿದೆ, ‘ಅಕ್ಕ, ಒಸಿ ನನ್ನೂ ಅಣಕ್ಸಕ್ಕ.’

ಅಕ್ಕ ಅಜ್ಜಿಯ ಕನ್ನಡಕ ತರಿಸಿ ಹಣೆಗೇರಿಸಿದಳು. ಜಗಲಿಯ ಕೆಳಗೆ ಹೆಂಗಸರು ಸೇರಿದರು. ಬೇವಿನ ಮರದ ಕೆಳಗೆ ಮಾವ ನಿಂತಿದ್ದ.

‘ನಿನ್ನ ಹೆಸರೇನಪ್ಪ?’ ಅಂದಳು.

ನಾನು ಅಪ್ಪನ ಹೆಸರು ಹೇಳಿದೆ.

‘ಓಗ್ಲಿ ಬುಡ್ಲಾ, ಎದುರ್ಕಬ್ಯಾಡ’ ಅಂದ ಮಾವ ಮರದ ಕೆಳಗಿನಿಂದ. ‘ನಾನಿಲ್ವಾ? ನಂಗೂ ಎಮ್ಮೆ ನೋಡ್ಕಳಕ್ಕೆ ಒಬ್ಬ ಬೇಕಾಗವ್ನೆ.’

ಸಂದರ್ಶನ ಬರುವ ಗುರುವಾರ. ಚಿಕ್ಕರಸಿನಕೆರೆಯಲ್ಲಿ ಮಾವ ಈಗಾಗಲೇ ಗೊನೆ ಕಡಿದು ಹಣ್ಣಿಗೆ ಹಾಕಿದ್ದಾನಂತೆ.