ಬೇಸ್ ಗಿಟಾರೂ ಮಂಗಳಾರತಿಯ ಗಂಟೆಯೂ

ಈ ವಯಸ್ಸಿಗೆ ಬರುವಷ್ಟರಲ್ಲಿ ಮನುಷ್ಯನ ಪಾಲಿನ ಗಾಬರಿಯೆಲ್ಲ ಖರ್ಚಾಗಿ ಹೋಗಿರುತ್ತದೆ ಎಂದು ನಾನು ತಿಳಿದಿದ್ದೆ. ಕುಕ್ಕರಿನ ವಾಲ್ವ್ ಹಾರಿ ಬೇಳೆ ತಾರಸಿಗೆ ಅಂಟಿದಾಗ, ಮಗಳು ಫೋನಿನಲ್ಲಿ ‘ಅಮ್ಮಾ, ಒಂದು ವಿಷ್ಯ ಹೇಳ್ಬೇಕು’ ಎಂದು ಶುರುಮಾಡಿ ಸುಮ್ಮನಾದಾಗ ಬೆಚ್ಚಿ ಬೆಚ್ಚಿ ಎದೆ ಗಟ್ಟಿಯಾಗಿತ್ತು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ವಿಭೂತಿ ಧರಿಸಿ, ನಂಜುಂಡಪ್ಪನ ಪಟದ ಮುಂದೆ ಕೂತು, ‘ಅಪ್ಪಾ, ನೆನ್ನೆ ನಲ್ಲಿಯಲ್ಲಿ ನೀರು ಬಂತು, ಗ್ಯಾಸು ಹಬ್ಬದ ಮಾರನೇ ದಿನ ಮುಗೀತು, ಮಂಡಿ ನೋವು ಒಂದೇ ಕಾಲಿಗೆ ಉಳೀತು, ಎಲ್ಲಾ ನಿನ್ನ ದಯೆ’ ಎಂದು ಅವನ ಉಪಕಾರಗಳನ್ನು ಅವನಿಗೇ ಒಪ್ಪಿಸಿ ಎದ್ದುಬಿಟ್ಟರೆ ನನ್ನ ದಿನ ನೆಟ್ಟಗೆ ಹೋಗುತ್ತಿತ್ತು. ಅಂಥ ನಾನು ಈಗ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಬಾರಿಸುತ್ತೇನೆ. ಓದುತ್ತಿರುವ ನಿಮಗೆ ಗಾಬರಿಯಾಗಿದ್ದರೆ ದಯವಿಟ್ಟು ಸುಧಾರಿಸಿಕೊಳ್ಳಿ. ನನಗಿನ್ನೂ ಸುಧಾರಿಸಿಲ್ಲ.

ಇದೆಲ್ಲ ಆದದ್ದು ನಮ್ಮ ಯಜಮಾನರ ಧಾರಾಳತನದಿಂದ. ನಂಜನಗೂಡಿನಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಅಂಗಡಿಯ ಮೇಲೆ ಒಂದು ಖಾಲಿ ಕೋಣೆ. ಅದನ್ನು ಇವರು ತಮ್ಮ ಸ್ನೇಹಿತ ಮಾದೇವಣ್ಣನಿಗೆ ಅಭ್ಯಾಸ ಮಾಡಿಕೊಳ್ಳಲು ಸುಮ್ಮನೆ ಬಿಟ್ಟುಕೊಟ್ಟಿದ್ದರು. ಮಾದೇವಣ್ಣ ಕರೆಂಟಿನ ಇಲಾಖೆಯಿಂದ ನಿವೃತ್ತನಾದವನು. ಕಂಬ ಹತ್ತುವುದು ತಪ್ಪಿದ ಮೇಲೆ ಕಾಲು ಸುಮ್ಮನಿರದೆ ಡ್ರಮ್ಸ್ ಕಲಿತು, ತನ್ನಂತೆಯೇ ತುರಿಕೆಯಿದ್ದ ನಾಲ್ಕಾರು ಜನರನ್ನು ಸೇರಿಸಿ ‘ಎಡದಂಡೆ ಮೆಲೊಡೀಸ್’ ಎಂದು ಹೆಸರಿಟ್ಟಿದ್ದ. ಮದುವೆ, ನಾಮಕರಣ, ಗಣಪತಿ ಪೆಂಡಾಲು, ಎಲ್ಲಿ ಕರೆದರೆ ಅಲ್ಲಿಗೆ ಹೋಗಿ ಹಳೆಯ ಸಿನಿಮಾ ಹಾಡು ಹಾಡಿ ಊಟ ಮಾಡಿ ಬರುತ್ತಿದ್ದರು. ಅವರಿಗೆ ಕಾಫಿ ತೆಗೆದುಕೊಂಡು ಮೆಟ್ಟಿಲು ಹತ್ತುವುದಷ್ಟೇ ನನ್ನ ಸಂಗೀತ ಸೇವೆಯಾಗಿತ್ತು. ಭಜನಾ ಮಂಡಳಿಯಲ್ಲಿ ಹಾಡಬೇಕೆಂದು ನನಗೂ ಆಸೆಯಿತ್ತು. ಆದರೆ ನನ್ನದು ಗಂಡು ದನಿ. ನಾನು ಬಾಯಿ ತೆರೆದರೆ ಪಕ್ಕದವರು ಹಿಂದೆ ಯಾವ ಗಂಡಸು ಬಂದು ಕೂತನೋ ಎಂದು ತಿರುಗಿ ನೋಡುತ್ತಿದ್ದರು. ‘ನೀವು ತಾಳ ಹಾಕಿ, ಸಾಕು’ ಎಂದು ಅವರು ಮರ್ಯಾದೆಯಿಂದಲೇ ಹೇಳಿದ್ದರು.

ಹೀಗಿರುವಾಗ ಮಾದೇವಣ್ಣನ ತಂಡದ ಬೇಸ್ ಗಿಟಾರಿನವನಿಗೆ ವರ್ಗವಾಯಿತು. ವಾದ್ಯ ಮಾತ್ರ ಮೂಲೆಯಲ್ಲಿ ಉಳಿಯಿತು. ಒಂದು ದಿನ ಕಾಫಿ ಲೋಟ ಎತ್ತಲು ಹೋದವಳು ಅದರ ಮೇಲಿನ ಧೂಳು ನೋಡಲಾರದೆ ಸೆರಗಿನ ತುದಿಯಿಂದ ಒರೆಸಿದೆ. ಅದಕ್ಕೆ ಸಿಕ್ಕಿಸಿದ್ದ ಸ್ಪೀಕರ್ ಪೆಟ್ಟಿಗೆಯ ಸ್ವಿಚ್ ಹಾಕಿಯೇ ಇತ್ತೆಂದು ನನಗೇನು ಗೊತ್ತು! ದಪ್ಪನೆಯ ತಂತಿಗೆ ಬೆರಳು ತಗುಲಿದ್ದೇ ತಡ, ನನ್ನ ಎದೆಗೂಡಿನೊಳಗೆ ಯಾರೋ ಕೂತು ‘ಹೂಂ’ ಎಂದ ಹಾಗಾಯಿತು. ಸೆರಗಿನ ತುದಿ ಹಿಡಿದುಕೊಂಡು ಅಲ್ಲೇ ನಿಂತೆ. ಕೆಳಗೆ ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿಗಳು ಕುಣಿದವಂತೆ. ಕವಲಂದೆಯಿಂದ ಬಿತ್ತನೆ ಬೀಜಕ್ಕೆ ಬಂದಿದ್ದ ರೈತರೊಬ್ಬರು, ‘ಏನ್ ಸಾ, ನಾನಿನ್ನೂ ಚೀಲಾನೇ ಮಡಗಿಲ್ಲ, ಆಗ್ಲೇ ತೂಕ ತೋರುಸ್ತಾದಲ್ಲಾ ನಿಮ್ ತಕ್ಕಡಿ!’ ಎಂದು ಜೋರು ಮಾಡಿದರಂತೆ. ಇವರು ಏದುಸಿರು ಬಿಡುತ್ತಾ ಮೇಲೆ ಓಡಿ ಬಂದರು. ಡ್ರಮ್ಮಿನ ಹಿಂದೆ ಕೂತಿದ್ದ ಮಾದೇವಣ್ಣ ಮಾತ್ರ ನನ್ನನ್ನೇ ನೋಡುತ್ತಿದ್ದ.

‘ಅಕ್ಕೋ, ಇನ್ನೊಂದ್ಸಲ ಅನ್ನಿ ಅದನ್ನ’ ಎಂದ.

‘ನಾನೇನೂ ಅನ್ನಲಿಲ್ಲಪ್ಪ’ ಎಂದೆ ನಾನು. ಆದರೆ ಆ ತಂತಿ ಬಿಟ್ಟ ಶಬ್ದದ ಜೊತೆಯಲ್ಲೇ ನನ್ನ ಗಂಟಲೂ ಅದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿತ್ತಂತೆ. ‘ಎಲ್ಲಾರ್ ಕಿವಿನೂ ಮ್ಯಾಲಿನ್ ಸ್ವರುಕ್ಕೋದ್ರೆ ನಿಮ್ ಕಿವಿ ಕೆಳಗಿನ್ ಸ್ವರುಕ್ಕೋಯ್ತದೆ ಕಣಕ್ಕ. ಇಂತೋರು ಸಿಕ್ಕಾದೇ ಕಷ್ಟ’ ಎಂದು ಆತ ಸಾರಿಬಿಟ್ಟ. ನಾನು ತಮಾಷೆಯೆಂದುಕೊಂಡೆ. ಮಾರನೇ ದಿನ ನೋಡಿದರೆ ಆತ ಗಿಟಾರಿನ ಪಟ್ಟಿಯನ್ನು ನನ್ನ ಎತ್ತರಕ್ಕೆ ಕತ್ತರಿಸಿ ಹೊಲಿಸಿಕೊಂಡು ಬಂದಿದ್ದ.

ಅದನ್ನು ಹೆಗಲಿಗೆ ಹಾಕಿಕೊಂಡಾಗ ಇನ್ನೊಂದು ಗಾಬರಿ. ರಾಗಿ ಚೀಲದ ತೂಕ! ಪಟ್ಟಿ ಸೆರಗನ್ನು ಎಳೆಯದಂತೆ ಮೂರು ಕಡೆ ಪಿನ್ನು ಚುಚ್ಚಿ ಕೂತೆ. ತಂತಿ ನಾಲ್ಕೇ ನಾಲ್ಕು ಎಂದು ಧೈರ್ಯ ತಂದುಕೊಂಡರೆ, ಒಂದೊಂದೂ ಬಟ್ಟೆ ಒಣಗಿಸುವ ತಂತಿಯಷ್ಟು ದಪ್ಪ. ಬೆರಳ ತುದಿ ಮೊದಲು ಉರಿಯಿತು, ಆಮೇಲೆ ಸುಲಿಯಿತು, ಕೊನೆಗೆ ಜಡ್ಡುಗಟ್ಟಿತು. ಈಗ ಕಾದ ಹೆಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ಮಗುಚುತ್ತೇನೆ. ಅದೂ ನಂಜುಂಡಪ್ಪನ ದಯೆಯೇ.

ಎಲ್ಲಕ್ಕಿಂತ ಹೆಚ್ಚು ಬೆಚ್ಚಿಬಿದ್ದದ್ದು ಮಾದೇವಣ್ಣನ ಮೊದಲ ಪಾಠಕ್ಕೆ. ‘ನೋಡಿ ಅಕ್ಕ, ನನ್ ಕಾಲು, ನಿಮ್ ಬೆಳ್ಳು, ಎಲ್ಡೂ ಒಟ್ಟಿಗೇ ಬೀಳ್ಬೇಕು’ ಎಂದ, ನಮ್ಮ ಯಜಮಾನರ ಎದುರಿಗೇ! ಇವರು ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ದೊಡ್ಡ ಡ್ರಮ್ಮನ್ನು ಕಾಲಿನಿಂದ ಒದೆಯುತ್ತಾರೆ, ಆ ಒದೆತಕ್ಕೆ ಸರಿಯಾಗಿ ನಾನು ತಂತಿ ಮೀಟಬೇಕು ಎಂದು ವಿವರಿಸಿದ ಮೇಲೆಯೇ ಇಬ್ಬರಿಗೂ ಉಸಿರು ಬಂದದ್ದು. ಆಮೇಲೆ ಅದೇನೂ ಕಷ್ಟವಾಗಲಿಲ್ಲ. ಬಿಳಿಗೆರೆಯ ನಮ್ಮ ತವರಿನಲ್ಲಿ ಖಾರದ ಪುಡಿ ಕುಟ್ಟುವಾಗ ಅಮ್ಮನೂ ನಾನೂ ಒಂದೇ ಒರಳಿಗೆ ಒನಕೆ ಹಾಕುತ್ತಿದ್ದೆವು. ಇನ್ನೊಬ್ಬರ ಒನಕೆ ಎಲ್ಲಿದೆ ಎಂದು ಕಣ್ಣಿನಿಂದ ನೋಡಿದರೆ ಕೆಟ್ಟಿರಿ. ಮೈಗೇ ಗೊತ್ತಾಗಬೇಕು. ಇಲ್ಲೂ ಹಾಗೆಯೇ, ಸೀನು ಬರುವುದಿಲ್ಲ ಎನ್ನುವುದಷ್ಟೇ ವ್ಯತ್ಯಾಸ.

ತೊಂದರೆ ಬಂದದ್ದು ಕೀಬೋರ್ಡಿನ ಪ್ರಕಾಶನಿಂದ. ಒಳ್ಳೆಯ ಮನುಷ್ಯ, ವಿಮೆ ಏಜೆಂಟು, ಆದ್ದರಿಂದ ಬರಲಿರುವ ಅನಾಹುತಗಳ ಬಗ್ಗೆ ಸದಾ ಯೋಚಿಸುವವನು. ಬೇಸಿನವನು ಹೋದ ಮೇಲೆ ಆ ಕೆಲಸವನ್ನು ಅವನೇ ಕೀಬೋರ್ಡಿನಲ್ಲಿ ಎಡಗೈಯಿಂದ ನಿಭಾಯಿಸುತ್ತಿದ್ದ. ‘ಅಕ್ಕ, ತಪ್ಪು ತಿಳ್ಕೋಬೇಡಿ. ನನ್ನ ಎಡಗೈ ಇರೋವಾಗ ನಿಮಗ್ಯಾಕೆ ಈ ವಯಸ್ಸಲ್ಲಿ ಆಯಾಸ?’ ಎಂದ. ನನಗೆ ಪ್ರತಿಸ್ಪರ್ಧಿ ಎಂದರೆ ಒಬ್ಬ ಇಡೀ ಮನುಷ್ಯನೂ ಅಲ್ಲ, ಒಬ್ಬ ಮನುಷ್ಯನ ಎಡಗೈ! ಆ ಅವಮಾನಕ್ಕೆ ಎರಡು ದಿನ ಸಾರಿಗೆ ಉಪ್ಪು ಹಾಕುವುದೇ ಮರೆತೆ. ಕೊನೆಗೆ ಮಾದೇವಣ್ಣ ಪಂಚಾಯಿತಿ ಮಾಡಿದ. ತಿರುಮಕೂಡಲು ನರಸೀಪುರದಲ್ಲಿ ಒಂದು ಆರತಕ್ಷತೆಗೆ ಒಪ್ಪಿಕೊಂಡಾಗಿತ್ತು. ಅಲ್ಲಿ ನಾನು ಬಾರಿಸುವುದು, ಸರಿಹೋದರೆ ನಾನು, ಇಲ್ಲದಿದ್ದರೆ ಎಡಗೈ.

ನಿಮಗೆ ನಗು ಬರಬಹುದು. ನನಗೆ ಮಾತ್ರ ಆ ಜಾಗ ಬೇಕೇ ಬೇಕಾಗಿತ್ತು. ಹುಟ್ಟಿದಾಗಿನಿಂದ ನನ್ನ ದನಿಯನ್ನು ಬಚ್ಚಿಟ್ಟುಕೊಂಡು ಬಂದವಳು ನಾನು. ಆ ದನಿಯೇ ಬೇಕು ಎಂದು ಕೇಳಿದ ಜಾಗ ಇದೊಂದೇ. ಸೋಮವಾರ ಒಪ್ಪತ್ತು ಮಾಡಿ, ದೇವಸ್ಥಾನಕ್ಕೆ ಹೋಗಿ, ‘ಅಪ್ಪಾ, ದೊಡ್ಡದೇನೂ ಕೇಳ್ತಿಲ್ಲ, ಒಂದು ಎಡಗೈ ಮೇಲೆ ಗೆದ್ದರೆ ಸಾಕು’ ಎಂದು ಬೇಡಿಕೊಂಡೆ.

ಆರತಕ್ಷತೆಯ ದಿನ ಛತ್ರಕ್ಕೆ ಹೋಗಿ ನೋಡಿದರೆ ವೇದಿಕೆಯ ಹಿಂಬದಿಯ ಬೀದಿಯಲ್ಲೇ ದೇವಸ್ಥಾನ. ಶುಭಶಕುನ ಎಂದುಕೊಂಡೆ. ವೇದಿಕೆಯ ಮೇಲೆ ನನ್ನನ್ನು ನೋಡಿ ಮುಂದಿನ ಸಾಲಿನ ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡರು. ‘ಅಯ್ಯೋ, ಆಯಮ್ಮ ಯಾಕ್ ನಿಂತೈತೆ ಅಲ್ಲಿ? ಮದ್ಲಿಂಗಿತ್ತಿ ಕಡೆಯೋರಾ?’ ‘ಗಿಟಾರ್ ಇಡ್ಕೊಂಡೈತೆ ಕಣಮ್ಮಿ!’ ‘ಯಾರೋ ಇಡ್ಕೋ ಅಂತ ಕೊಟ್ಟಿರ್ಬೇಕು ಸುಮ್ಕಿರು.’ ನನಗೆ ಎಲ್ಲವೂ ಕೇಳಿಸುತ್ತಿತ್ತು. ಆದರೂ ಶುರುವಾಯಿತು. ಒಂದು ಹಾಡು, ಎರಡು ಹಾಡು, ಒಂದೂ ತಪ್ಪಲಿಲ್ಲ. ಮಾದೇವಣ್ಣನ ಕಾಲೂ ನನ್ನ ಬೆರಳೂ ಒಂದೇ ಒರಳಿಗೆ ಬೀಳುತ್ತಿದ್ದವು. ಒಂದು ಕುಣಿತದ ಹಾಡು ಬಂತು. ಮದುಮಗನ ಸ್ನೇಹಿತರು ವೇದಿಕೆಯ ಮುಂದೆ ಬಂದು ಕುಣಿಯತೊಡಗಿದರು. ಪ್ರಕಾಶ ಕೂಡ ನನ್ನತ್ತ ನೋಡಿ ತಲೆಯಾಡಿಸಿದ.

ಆಗ ಹಿಂದಿನ ದೇವಸ್ಥಾನದಲ್ಲಿ ಸಂಜೆಯ ಮಂಗಳಾರತಿಯ ಗಂಟೆ ಹೊಡೆಯಿತು.

ನೀವು ಈ ಕಡೆಯವರಾದರೆ ಹೇಳಬೇಕಾಗಿಲ್ಲ. ಮಂಗಳಾರತಿಯ ಗಂಟೆ ಕಿವಿಗೆ ಬಿದ್ದರೆ ಕೈಯಲ್ಲಿ ಲಟ್ಟಣಿಗೆಯೇ ಇರಲಿ, ಬಸ್ಸಿನ ಕಂಬಿಯೇ ಇರಲಿ, ಬಿಟ್ಟು ಆ ದಿಕ್ಕಿಗೆ ತಿರುಗಿ ಕೈ ಮುಗಿಯುವುದು. ಅದು ನಾನು ಮಾಡುವ ಕೆಲಸವಲ್ಲ, ಕೈಗಳೇ ಮಾಡಿಕೊಳ್ಳುತ್ತವೆ. ನಡು ಹಾಡಿನಲ್ಲಿ, ಜನರಿಗೆ ಬೆನ್ನು ತಿರುಗಿಸಿ, ಚಪ್ಪಲಿ ಕಳಚಿ, ಕಣ್ಣು ಮುಚ್ಚಿ ಕೈ ಮುಗಿದು, ಕೆನ್ನೆ ತಟ್ಟಿಕೊಂಡು ನಿಂತುಬಿಟ್ಟೆ.

ಬೇಸ್ ಎನ್ನುವುದು ಮನೆಯ ತಳಪಾಯದ ಹಾಗಂತೆ, ಇರುವಾಗ ಕಾಣುವುದಿಲ್ಲ. ಅದು ಹಠಾತ್ತನೆ ಹೋದದ್ದಕ್ಕೆ ಮಾದೇವಣ್ಣನ ಕಾಲು ಗಾಳಿಯಲ್ಲೇ ನಿಂತಿತು. ಹಾಡುತ್ತಿದ್ದವರು ಚರಣದ ಮಧ್ಯೆ ಬಾಯಿ ತೆರೆದಂತೆಯೇ ಉಳಿದರು. ಕುಣಿಯುತ್ತಿದ್ದವರಲ್ಲಿ ಒಬ್ಬ ಎತ್ತಿದ ಕಾಲನ್ನು ಇಡುವುದೆಲ್ಲಿ ಎಂದು ತಿಳಿಯದೆ ಪಕ್ಕದವನ ಮೇಲೆ ಒರಗಿದ. ಇಡೀ ಛತ್ರ ನಿಶ್ಶಬ್ದವಾಗಿ, ಗಂಟೆಯೊಂದೇ ಢಣ್ ಢಣ್ ಎಂದು ಕೇಳಿಸಿತು. ನಾನು ಏನು ಮಾಡಿದೆನೆಂದು ಆಗ ನನಗೆ ಹೊಳೆಯಿತು. ಮುಗಿಯಿತು, ಎಡಗೈ ಗೆದ್ದಿತು ಎಂದು ಮೆಲ್ಲಗೆ ತಿರುಗಿ ನೋಡುತ್ತೇನೆ: ಮುಂದಿನ ಸಾಲಿನ ಹೆಂಗಸರೆಲ್ಲ ಎದ್ದು ನಿಂತು ಕೈ ಮುಗಿದಿದ್ದಾರೆ! ಅವರ ಹಿಂದೆ ಗಂಡಸರು. ಅವರ ಹಿಂದೆ, ಬಾದಾಮಿ ಹಾಲು ಹಂಚುತ್ತಿದ್ದವರು ತಟ್ಟೆ ಕೆಳಗಿಟ್ಟು ಕೈ ಮುಗಿದಿದ್ದಾರೆ. ಹಾರ ಹಾಕಿಕೊಂಡ ಮದುಮಕ್ಕಳೂ ಮುಗಿದಿದ್ದಾರೆ. ಗಂಟೆ ನಿಂತಿತು. ಬೇರೆ ದಾರಿ ಕಾಣದೆ ನಾನು ಹಾಡಿನ ಮೊದಲ ಸ್ವರವನ್ನೇ ಮೀಟಿದೆ. ಮಾದೇವಣ್ಣನ ಕಾಲು ಕೆಳಗೆ ಬಂತು, ಹಾಡು ಎದ್ದು ಓಡಿತು, ಛತ್ರದಲ್ಲಿ ಶಿಳ್ಳೆಯೋ ಶಿಳ್ಳೆ.

ಹುಡುಗಿಯ ಸೋದರಮಾವ ವೇದಿಕೆಗೇ ಬಂದು, ‘ಆಹಾ, ಏನ್ ಸಂಸ್ಕಾರ ಕಣ್ರೀ ನಿಮ್ ಟ್ರೂಪ್‌ದು! ಎಷ್ಟ್ ಚೆಂದ ಕೂರ್ಸಿದ್ದೀರಿ ಹಾಡಿನ್ ಮಧ್ಯೆ ಆ ಕೈ ಮುಗ್ಯೋದನ್ನ!’ ಎಂದು ಮಾದೇವಣ್ಣನಿಗೆ ಶಾಲು ಹೊದಿಸಿದರು. ಮಾದೇವಣ್ಣ ಶಾಲಿನೊಳಗಿನಿಂದ ನನ್ನನ್ನು ಪಿಳಿಪಿಳಿ ನೋಡಿದ. ಬರುವಾಗ ವ್ಯಾನಿನಲ್ಲಿ, ಜೊತೆಗೆ ಬಂದಿದ್ದ ನಮ್ಮ ಯಜಮಾನರು ಕಿವಿಯಲ್ಲಿ, ‘ಇಷ್ಟು ದಿನ ಮೇಲುಗಡೆ ಕೂತು ಪ್ರಾಕ್ಟೀಸ್ ಮಾಡಿದ್ದು ಇದನ್ನೇ ಏನೇ?’ ಎಂದರು.

ನನ್ನ ಗಾಬರಿ ಇಲ್ಲಿಗೆ ಮುಗಿಯಿತೆಂದುಕೊಂಡರೆ, ಆ ವಾರವೇ ಹುಲ್ಲಹಳ್ಳಿಯಿಂದ ಒಬ್ಬರು ಬಂದು ನಿಶ್ಚಿತಾರ್ಥಕ್ಕೆ ಆರ್ಕೆಸ್ಟ್ರಾ ಬೇಕೆಂದು ಕೇಳಿದರು. ‘ಆ ಕೈ ಮುಗ್ಯೋ ಅಮ್ಮ ಬತ್ತಾರೆ ತಾನೆ? ಅವ್ರಿದ್ರೆ ಮಾತ್ರ ಮಾತುಕತೆ’ ಎಂದರು. ಮಾದೇವಣ್ಣ ಹಲ್ಲು ಕಿರಿಯುತ್ತಾ ನನ್ನ ಬಳಿ ಬಂದ. ‘ಅಕ್ಕ, ಅಲ್ಲಿ ಅಕ್ಕಪಕ್ಕ ದೇವಸ್ಥಾನ ಇಲ್ವಂತೆ. ಪ್ರಕಾಶ ಕೀಬೋಲ್ಡಲ್ಲೇ ಗಂಟೆ ಒಡೀತಾನೆ. ನಾಕ್ನೇ ಆಡು, ಎಲ್ಡ್ನೇ ಚರಣ. ನೀವು ಅಂಗೇ ತಿರುಕ್ಕೊಂಡು ಕೈ ಮುಗುದ್ಬುಟ್ರೆ ಸಾಕು.’

‘ಸ್ವಿಚ್ಚಿನ ಗಂಟೆಗೆ ಕೈ ಮುಗಿಯೋದಾ? ದೇವರ ಹೆಸರಲ್ಲಿ ನಾಟಕ ಆಡೋಳಲ್ಲ ನಾನು. ಬೇಕಾದ್ರೆ ಎಡಗೈಯನ್ನೇ ಕರಕೊಂಡು ಹೋಗಿ’ ಎಂದುಬಿಟ್ಟೆ. ಇಷ್ಟು ಕಷ್ಟಪಟ್ಟು ಹಿಡಿದ ಜಾಗವನ್ನು ನಾನೇ ಬಾಯಾರೆ ಬಿಟ್ಟುಕೊಟ್ಟಿದ್ದೆ. ಆದರೆ ನಂಜುಂಡಪ್ಪ ದೊಡ್ಡವನು. ಮಾತನಾಡಿದ್ದು ಪ್ರಕಾಶ. ‘ಅಕ್ಕ ಬರೀ ಬಾರಿಸಲಿ ಬಿಡಿ ಮಾದೇವಣ್ಣ. ಆವತ್ತು ಗಂಟೆ ಆದ್ಮೇಲೆ ಹಾಡು ಎದ್ದಿದ್ದು ಅವರ ಬೆರಳಿಂದ. ನನ್ನ ಎಡಗೈಗೆ ಅದು ಹೊಳೀಲಿಲ್ಲ’ ಎಂದ.

ಹುಲ್ಲಹಳ್ಳಿಗೆ ಹೋದೆವು. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೂ ಒಂದು ಕಡೆಯೂ ನಿಲ್ಲಿಸದೆ, ಒಂದು ಸ್ವರವನ್ನೂ ತಪ್ಪಿಸದೆ ಬಾರಿಸಿದೆ. ನನಗೇ ನಂಬಲಾಗಲಿಲ್ಲ. ಪ್ರಕಾಶನ ಎಡಗೈ ಇಡೀ ಸಂಜೆ ಅವನ ತೊಡೆಯ ಮೇಲೆ ಬೆಕ್ಕಿನ ಹಾಗೆ ಮಲಗಿತ್ತು. ‘ಇನ್ಮೇಲೆ ಈ ಜಾಗ ನಿಮ್ದೇ ಕಣಕ್ಕ’ ಎಂದು ಮಾದೇವಣ್ಣ ಎಲ್ಲರೆದುರಿಗೇ ಹೇಳಿದ. ಕಣ್ಣು ತುಂಬಿ ಬಂತು. ಪಿನ್ನುಗಳನ್ನು ಬಿಚ್ಚಿ, ಸೆರಗು ಸರಿಮಾಡಿಕೊಂಡು ಊಟದ ಪಂಕ್ತಿಯಲ್ಲಿ ಹೋಗಿ ಕೂತೆ.

ಪಕ್ಕದಲ್ಲಿ ಹುಡುಗನ ಕಡೆಯ ಒಬ್ಬ ಹೆಂಗಸು. ಎಲೆಗೆ ನೀರು ಚಿಮುಕಿಸುತ್ತಾ ನನ್ನ ಕಡೆ ಬಾಗಿದರು. ‘ಅಲ್ಲಾ ಕಣ್ರೀ, ನರಸೀಪುರ್ದಲ್ಲಿ ಕೈ ಮುಗುದ್ರಂತಲ್ಲಾ, ಗಿಟಾರ್ ಅಮ್ಮ, ಅವ್ರು ಇವತ್ತು ಬಂದೇ ಇಲ್ವಲ್ಲಾ! ಅವ್ರನ್ನ ನೋಡೋಕಂತ್ಲೇ ನಾನು ಬಂದಿದ್ದು.’

ನಾನು ದಂಗಾಗಿ ಅವರ ಮುಖ ನೋಡಿದೆ. ಇಡೀ ಸಂಜೆ ಅವರ ಎದುರಿಗೇ ನಿಂತು ಬಾರಿಸಿದ್ದೇನೆ, ಕೈ ಮುಗಿಯಲಿಲ್ಲ ಎಂಬುದಷ್ಟೇ ಕೊರತೆ. ನಾಟಕ ಆಡುವುದಿಲ್ಲ ಎಂದು ಅಷ್ಟು ಜೋರಾಗಿ ಹೇಳಿ ಬಂದವಳ ಬಾಯಿಂದ, ನಂಜುಂಡಪ್ಪನಾಣೆಗೂ ಹೇಗೆ ಹೊರಟಿತೋ ತಿಳಿಯದು:

‘ಇಲ್ವಂತೆ ಕಣ್ರೀ, ಅವರಿಗೆ ಮೈಗೆ ಹುಷಾರಿಲ್ವಂತೆ’ ಎಂದೆ.

‘ಅಯ್ಯೋ ಪಾಪ. ಅವ್ರಿದ್ದಿದ್ರೆ ಇನ್ನೂ ಚೆಂದಾಗಿರೋದು.’

‘ಹೌದು, ಇನ್ನೂ ಚೆಂದಾಗಿರೋದು’ ಎಂದು ಒಪ್ಪಿಕೊಂಡು, ಪಾಯಸದವರನ್ನು ಕರೆದು ಎಲೆಗೆ ಇನ್ನೊಂದು ಸೌಟು ಹಾಕಿಸಿಕೊಂಡೆ.